ಸಣ್ಣ ಬ್ಯಾಂಡ್‌ಸಾ: 50 ಎಂ.ಎಂ. ರೌಂಡ್‌ನಲ್ಲಿ ಒಂದೂವರೆ ಎಂ.ಎಂ. ಓರೆ, ಎಲ್ಲಿಂದ ಸರಿಮಾಡುತ್ತ ಬರಬೇಕು?

ಹಿತ್ತಲ_ವರ್ಕ್‌ಶಾಪ್ (ಪ್ರಶ್ನೆ)

ಮೆಷಿನ್: 4×6 ಇಂಚಿನ ಸಣ್ಣ ಬ್ಯಾಂಡ್‌ಸಾ (ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ), ತೋಳು ಮಲಗಿಸಿಯೂ ನಿಲ್ಲಿಸಿಯೂ ಕತ್ತರಿಸುವಂಥದ್ದು. ಬ್ಲೇಡ್ 1640 × 13 × 0.65 ಎಂ.ಎಂ., ಬೈಮೆಟಲ್ (ಎರಡು ಬಗೆಯ ಉಕ್ಕು ಬೆಸೆದದ್ದು), 10/14 ಟಿಪಿಐ (ಇಂಚಿಗೆ 10ರಿಂದ 14 ಹಲ್ಲು), ಹೊಸದು. ಮೂರು ಮೆಟ್ಟಿಲಿನ ಪುಲ್ಲಿಯಲ್ಲಿ ಬೆಲ್ಟ್ ನಡುವಿನ ಮೆಟ್ಟಿಲಲ್ಲಿದೆ, ನಿಮಿಷಕ್ಕೆ ಸುಮಾರು 30 ಮೀಟರ್. ಕೂಲಂಟ್ ಇಲ್ಲ.

50 ಎಂ.ಎಂ. ಎಂ.ಎಸ್. (ಮೃದು ಉಕ್ಕು) ರೌಂಡ್ ರಾಡ್ ಕತ್ತರಿಸಿ ಮೂಲೆಮಟ್ಟ ಹಿಡಿದರೆ ಮೇಲಿಂದ ಕೆಳಕ್ಕೆ 1.5 ಎಂ.ಎಂ. ಓರೆ. ವಿಚಿತ್ರ ಏನೆಂದರೆ, ಅದೇ ರಾಡ್‌ನಿಂದ 10 ಎಂ.ಎಂ. ಬಿಲ್ಲೆಗಳನ್ನು ಕತ್ತರಿಸಿ ವರ್ನಿಯರ್ ಹಿಡಿದರೆ ಸುತ್ತಲೂ ದಪ್ಪ ಒಂದೇ, 0.1 ಎಂ.ಎಂ. ಒಳಗೆ ಇದೆ. ಅಂದರೆ ಮೆಷಿನ್ ಸರಿಯಿದೆಯೋ ಇಲ್ಲವೋ?

ಇನ್ನೂ ಎರಡು ಲಕ್ಷಣ: ಮೋಟರ್ ನಿಲ್ಲಿಸುವಾಗ ಒಮ್ಮೊಮ್ಮೆ ಬ್ಲೇಡ್ ಐಡ್ಲರ್ ವೀಲ್‌ನಿಂದ (ಮೋಟರ್ ತಿರುಗಿಸದ ಚಕ್ರದಿಂದ) ಜಾರಿ ಬೀಳುತ್ತದೆ. ಓಡುವಾಗ ಮೂರು ಸೆಕೆಂಡಿಗೊಮ್ಮೆ "ಟಕ್" ಎಂಬ ಸದ್ದು. ಟೆನ್ಷನ್ ನಾಬ್ ಕೈಯಲ್ಲಿ ಆದಷ್ಟೂ ಬಿಗಿ ಮಾಡಿದ್ದೇನೆ, ಓರೆ ಕಮ್ಮಿಯಾಗಲಿಲ್ಲ. ಗೈಡ್ ಬೇರಿಂಗ್ (ಕತ್ತರಿಸುವ ಜಾಗದ ಎರಡೂ ಬದಿ ಬ್ಲೇಡ್ ಹಿಡಿಯುವವು), ವೈಸ್, ಟ್ರ್ಯಾಕಿಂಗ್ (ವೀಲ್ ಮೇಲೆ ಬ್ಲೇಡ್ ಓಡುವ ಜಾಗ) ಇವುಗಳಲ್ಲಿ ಮೊದಲು ಯಾವುದನ್ನು ಮುಟ್ಟಬೇಕು?

---

ಟರ್ನರ್_ಪೀಣ್ಯ

ಮೊದಲು ವೀಲು, ಆಮೇಲೆ ಟೆನ್ಷನ್, ಆಮೇಲೆ ಗೈಡು, ಕೊನೆಗೆ ವೈಸು. ಈ ಸಾಲು ತಪ್ಪಿಸಿದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತದೆ, ದಿನವಿಡೀ ಎಲನ್ ಕೀ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಎಲ್ಲರೂ ಮಾಡುವ ತಪ್ಪು ಗೈಡ್‌ಗಳು ಬ್ಲೇಡನ್ನು ಹಿಡಿದಿರುವಾಗಲೇ ಟ್ರ್ಯಾಕಿಂಗ್ ನೋಡುವುದು. ಗೈಡ್ ಬ್ಲೇಡನ್ನು ಬಲವಂತವಾಗಿ ಒಂದು ಕಡೆ ತಳ್ಳುತ್ತಿದ್ದರೆ ವೀಲ್ ಮೇಲೆ ಬ್ಲೇಡ್ ಎಲ್ಲಿ ಓಡಬೇಕೆಂದಿದೆ ಎಂಬುದೇ ಗೊತ್ತಾಗುವುದಿಲ್ಲ. ಪ್ಲಗ್ ಕಿತ್ತು, ಎರಡೂ ಗೈಡ್ ಬ್ರಾಕೆಟ್‌ಗಳನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ವೀಲ್‌ಗಳ ರಿಮ್ ಮೇಲೆ ಅಂಟಿದ ಜಿಡ್ಡು, ಚೂರು ಎಲ್ಲ ಒರೆಸಿ. ಐಡ್ಲರ್ ವೀಲನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಹೋಗಿದೆ, ಅದನ್ನು ಬದಲಿಸದೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ. ಡ್ರೈವ್ ವೀಲನ್ನು (ಮೋಟರ್ ತಿರುಗಿಸುವ ಚಕ್ರ) ಶಾಫ್ಟ್‌ಗೆ ಬಿಗಿಯುವ ಗ್ರಬ್ ಸ್ಕ್ರೂ ಬಿಗಿ ಇದೆಯೇ ನೋಡಿ. ಅದು ಸಡಿಲವಾದರೆ ವೀಲ್ ಶಾಫ್ಟ್ ಮೇಲೆ ನಿಧಾನವಾಗಿ ಹೊರಗೆ ಜರುಗುತ್ತದೆ, ಟ್ರ್ಯಾಕಿಂಗ್ ಎಷ್ಟು ಸಲ ಕೂರಿಸಿದರೂ ನಿಲ್ಲುವುದಿಲ್ಲ. ಎರಡು ವೀಲ್‌ಗಳ ಮುಖದ ಮೇಲೆ ಉದ್ದನೆಯ ನೇರಪಟ್ಟಿ ಅಡ್ಡ ಇಟ್ಟು ಒಂದೇ ಸಮತಲದಲ್ಲಿವೆಯೇ ಎಂದೂ ಒಮ್ಮೆ ನೋಡಿಬಿಡಿ.

ಈಗ ಬ್ಲೇಡ್ ಹಾಕಿ. ಕತ್ತರಿಸುವ ಜಾಗದಲ್ಲಿ ಹಲ್ಲಿನ ಮುಖ ಬ್ಲೇಡ್ ಓಡುವ ದಿಕ್ಕಿಗೇ ಇರಬೇಕು. ಉಲ್ಟಾ ಬಂದರೆ ಬ್ಲೇಡನ್ನು ಕೈಯಲ್ಲಿ ಒಳಹೊರಗು ಮಗುಚಿ ಹಾಕಿ. ಮಗುಚುವಾಗ ಗ್ಲೌಸ್ ಇರಲಿ. ಮೆಷಿನ್ ಓಡುವಾಗ ಮಾತ್ರ ಗ್ಲೌಸ್ ಬೇಡ.

ಬ್ಲೇಡಿನ ಬೆನ್ನು ವೀಲ್‌ನ ಅಂಚುಗಟ್ಟೆಗೆ ಹತ್ತಿರ ಓಡಬೇಕು, ಆದರೆ ಉಜ್ಜಬಾರದು. ಅರ್ಧದಿಂದ ಒಂದು ಎಂ.ಎಂ. ಬಿಡುವು ಸಾಕು. ಐಡ್ಲರ್ ಬ್ರಾಕೆಟ್‌ನ ಬೋಲ್ಟ್ ಸ್ವಲ್ಪ ಸಡಿಲಿಸಿ, ಓರೆ ಮಾಡುವ ಸೆಟ್ ಸ್ಕ್ರೂವನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಬೋಲ್ಟ್ ಮತ್ತೆ ಬಿಗಿದು, ಮೊದಲು ಕೈಯಲ್ಲಿ ವೀಲ್ ತಿರುಗಿಸಿ ನೋಡಿ. ಆಮೇಲೆ ಪ್ಲಗ್ ಹಾಕಿ ಮೋಟರನ್ನು ಎರಡು ಸೆಕೆಂಡ್ ಚಾಲೂ ಮಾಡಿ ನಿಲ್ಲಿಸಿ. ಬ್ಲೇಡ್ ಯಾವ ಕಡೆ ಸರಿಯಿತು ನೋಡಿಕೊಂಡು ಇನ್ನೊಂದು ಕಾಲು ಸುತ್ತು. ಮುಚ್ಚಳ ತೆಗೆದಿರುವುದರಿಂದ ವೀಲ್‌ಗೆ ನೇರ ಎದುರು ನಿಲ್ಲಬೇಡಿ. ಬೋಲ್ಟ್ ಬಿಗಿಯುವಾಗಲೇ ಬ್ರಾಕೆಟ್ ಒಂದಿಷ್ಟು ವಾಲುತ್ತದೆ, ಆದ್ದರಿಂದ ಪ್ರತಿ ಸಲವೂ ಬಿಗಿದ ಮೇಲೆಯೇ ನೋಡುವುದು.

ನಿಲ್ಲಿಸುವಾಗ ಬ್ಲೇಡ್ ಜಾರುವುದು ಟ್ರ್ಯಾಕಿಂಗ್ ಅಂಚಿನಲ್ಲಿದೆ ಎಂಬುದರ ಲಕ್ಷಣ. ಓಡುವಾಗ ಹೇಗೋ ನಿಂತಿರುತ್ತದೆ, ವೇಗ ಇಳಿದಾಗ ಕೈಬಿಡುತ್ತದೆ.

ಇನ್ನು ಟೆನ್ಷನ್. "ಕೈಯಲ್ಲಿ ಆದಷ್ಟೂ ಬಿಗಿ" ಒಂದು ಅಳತೆಯಲ್ಲ. 150 ಎಂ.ಎಂ. ವರ್ನಿಯರ್ ಇದ್ದರೆ ಸಾಕು. ಬ್ಲೇಡ್ ಕೇವಲ ನೇರವಾಗುವಷ್ಟು ಎಳೆದು, ವರ್ನಿಯರನ್ನು 125 ಎಂ.ಎಂ.ಗೆ ತೆರೆದು, ಅದರ ಎರಡೂ ದವಡೆಗಳನ್ನು ಸಣ್ಣ ಕ್ಲ್ಯಾಂಪ್‌ಗಳಿಂದ ಬ್ಲೇಡ್‌ಗೆ ಕಚ್ಚಿಸಿ. ಸರಿಯುವ ದವಡೆಯ ಲಾಕ್ ಬಿಟ್ಟಿರಲಿ. ಈಗ ನಾಬ್ ತಿರುಗಿಸುತ್ತ ಹೋದರೆ ಬ್ಲೇಡ್ ಹಿಗ್ಗಿದಷ್ಟು ವರ್ನಿಯರ್ ಓದುತ್ತದೆ. 0.06 ಎಂ.ಎಂ. ಹಿಗ್ಗಿದರೆ ಬಿಗಿ ಸುಮಾರು 100 ಮೆಗಾಪಾಸ್ಕಲ್ (ಲೋಹದೊಳಗಿನ ಎಳೆತದ ಅಳತೆ); ಉಕ್ಕು ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಹಿಗ್ಗುವುದರಿಂದ ಯಾವ ಅಗಲದ ಬ್ಲೇಡ್‌ಗೂ ಇದೇ ಅಂಕಿ. ಬೈಮೆಟಲ್ ಬ್ಲೇಡ್ 200ರವರೆಗೂ ತಡೆಯುತ್ತದೆ, ದೊಡ್ಡ ಮೆಷಿನ್‌ಗಳಲ್ಲಿ ಅಷ್ಟಕ್ಕೇ ಇಡುತ್ತಾರೆ. ನಿಮ್ಮ ಮೆಷಿನ್ನಿನ ಎರಕದ ತೋಳು ಅಷ್ಟು ತಡೆಯುವುದಿಲ್ಲ. 100 ಮೆಗಾಪಾಸ್ಕಲ್‌ಗೇ ಬ್ಲೇಡಿನ ಒಂದೊಂದು ಎಳೆಯಲ್ಲಿ ಸುಮಾರು 85 ಕೆ.ಜಿ. ಎಳೆತ, ಎರಡು ಎಳೆ ಸೇರಿ ಐಡ್ಲರ್ ಶಾಫ್ಟ್ ಮೇಲೆ 170 ಕೆ.ಜಿ. 100ರಿಂದ 120ರ ನಡುವೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಟ್ರ್ಯಾಕಿಂಗ್ ಇನ್ನೊಮ್ಮೆ ನೋಡಲೇಬೇಕು, ಯಾಕೆಂದರೆ ಆ ಎಳೆತಕ್ಕೆ ತೋಳೇ ಕೂದಲೆಳೆಯಷ್ಟು ಬಾಗಿರುತ್ತದೆ. ನಾಬ್ ಎಷ್ಟು ಸುತ್ತಿಗೆ ಈ ಬಿಗಿ ಬಂತು ಎಂದು ಪೇಂಟ್‌ನಲ್ಲಿ ಗುರುತು ಹಾಕಿಕೊಂಡರೆ ಮುಂದಿನ ಸಲ ವರ್ನಿಯರ್ ಬೇಡ. ಸಂಜೆ ಕೆಲಸ ಮುಗಿದ ಮೇಲೆ ಸಡಿಲ ಬಿಡಿ.

---

ಅಳತೆಪಟ್ಟಿ

ಮೇಲಿನವರು ಹೇಳಿದ ಕ್ರಮ ಸರಿ. ಆದರೆ ನಿಮ್ಮ ಓರೆಗೆ ಕಾರಣ ಟೆನ್ಷನ್ ಅಲ್ಲ, ಅದನ್ನು ನಿಮ್ಮ ಬಿಲ್ಲೆಗಳೇ ಹೇಳುತ್ತಿವೆ.

ರಾಡನ್ನು ಹೊರಳಿಸದೆ ಮುಂದೆ ತಳ್ಳಿ ಕತ್ತರಿಸಿದ ಬಿಲ್ಲೆಯ ಎರಡೂ ಮುಖ ಒಂದೇ ಓರೆಯಲ್ಲಿ ಕತ್ತರಿಸಿದವು. ಓರೆ ಎಷ್ಟೇ ಇರಲಿ, ಎರಡೂ ಸಮಾನಾಂತರ. ಓರೆಯಾಗಿ ಹೆಚ್ಚಿದ ಸೌತೆಕಾಯಿ ಹೋಳಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲವೇ, ಹಾಗೆ. ಆದ್ದರಿಂದ ಆ ಪರೀಕ್ಷೆಯಿಂದ ಚೌಕತನ ತಿಳಿಯುವುದಿಲ್ಲ. ಬೇರೆ ಒಂದು ವಿಷಯ ಮಾತ್ರ ತಿಳಿಯುತ್ತದೆ: ನಿಮ್ಮ ಮೆಷಿನ್ ಪ್ರತಿ ಸಲವೂ ಒಂದೇ ರೀತಿ ತಪ್ಪುತ್ತಿದೆ. ಬ್ಲೇಡ್ ಸಡಿಲವಾಗಿಯೋ ಮೊಂಡಾಗಿಯೋ ಅಲೆದಾಡುತ್ತಿದ್ದರೆ ಒಂದು ಕಡಿತ ಒಂದು ಥರ, ಇನ್ನೊಂದು ಇನ್ನೊಂದು ಥರ ಆಗಿ ಬಿಲ್ಲೆಯ ದಪ್ಪ ಏರುಪೇರಾಗುತ್ತಿತ್ತು, ಮುಖವೂ ಬೋಗುಣಿಯಂತೆ ಬಾಗಿರುತ್ತಿತ್ತು. ಮುಖದ ಮೇಲೆ ಸ್ಟೀಲ್ ಸ್ಕೇಲಿನ ಅಂಚು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಚಪ್ಪಟೆಯಾಗಿದ್ದೂ ಓರೆ ಇದ್ದರೆ ತಪ್ಪು ಕೂರಿಸುವಿಕೆಯಲ್ಲಿದೆ. 50ಕ್ಕೆ 1.5 ಎಂದರೆ 1.7 ಡಿಗ್ರಿ, ಗೈಡ್‌ನಲ್ಲಿ ಬ್ಲೇಡ್ ಅಷ್ಟು ವಾಲಿ ನಿಂತಿರಬೇಕು.

ಸರಿಯಾದ ಪರೀಕ್ಷೆ ಹೀಗೆ. ರಾಡ್ ತುದಿಯಲ್ಲಿ ಒಂದು ಕಡಿತ ಹಾಕಿ. ಮೇಲ್ಭಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ವೈಸ್ ಸಡಿಲಿಸಿ ರಾಡನ್ನು ಅದರ ಅಕ್ಷದ ಮೇಲೆ ಅರ್ಧ ಸುತ್ತು ಹೊರಳಿಸಿ, ಗೆರೆ ಕೆಳಗೆ ಬರಲಿ. 12 ಎಂ.ಎಂ. ಮುಂದೆ ತಳ್ಳಿ ಎರಡನೇ ಕಡಿತ. ಈ ಬಿಲ್ಲೆಯನ್ನು ಮೈಕ್ರೋಮೀಟರ್‌ನಲ್ಲಿ ನಾಲ್ಕು ಕಡೆ ಅಳೆಯಿರಿ: ಮೇಲೆ, ಕೆಳಗೆ, ಎರಡು ಪಕ್ಕ. ಮೇಲು-ಕೆಳಗಿನ ವ್ಯತ್ಯಾಸ ಬ್ಲೇಡ್ ವಾಲಿದ್ದರ ಎರಡರಷ್ಟು. ಪಕ್ಕದಿಂದ ಪಕ್ಕಕ್ಕಿರುವ ವ್ಯತ್ಯಾಸ ವೈಸ್ ತಿರುಗಿದ್ದರ ಎರಡರಷ್ಟು. ತಪ್ಪು ದುಪ್ಪಟ್ಟಾಗಿ ಕಾಣುವುದು ಅನುಕೂಲವೇ; 0.1 ಎಂ.ಎಂ. ತಪ್ಪನ್ನು ಮೂಲೆಮಟ್ಟದಲ್ಲಿ ಕಣ್ಣಳತೆಗೆ ಹಿಡಿಯುವುದು ಕಷ್ಟ, ಮೈಕ್ರೋಮೀಟರ್‌ನಲ್ಲಿ 0.2 ಓದುವುದು ಸುಲಭ.

ಗೈಡ್ ಕೂರಿಸುವುದಕ್ಕೆ ಬರೋಣ. ಈ ಮಾದರಿಯಲ್ಲಿ ವೀಲ್‌ಗಳು ವಾಲಿಕೊಂಡಿರುತ್ತವೆ, ವೈಸ್ ಹತ್ತಿರ ಬ್ಲೇಡನ್ನು ತಿರುಚಿ ನೆಟ್ಟಗೆ ನಿಲ್ಲಿಸುವುದು ಗೈಡ್‌ಗಳೇ. ಎರಡು ಗೈಡ್‌ಗಳೂ ಒಂದೇ ಅಳತೆಯಲ್ಲಿ ತಿರುಚಬೇಕು. ಒಂದು ಹೆಚ್ಚು ಇನ್ನೊಂದು ಕಡಿಮೆ ಆದರೆ ಅವುಗಳ ನಡುವಿನ ಬ್ಲೇಡ್ ರಿಬ್ಬನ್ನಿನಂತೆ ಸುರುಳಿ ಹಿಡಿದಿರುತ್ತದೆ, ರಾಡ್ ವೈಸಿನ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಓರೆ ಬದಲಾಗುತ್ತದೆ.

ಬ್ಲೇಡಿನ ಅಗಲ 13 ಎಂ.ಎಂ. ಮಾತ್ರ, ಅದರಲ್ಲಿ ಹಲ್ಲಿನ ಭಾಗ ಬಿಟ್ಟರೆ ಸಿಗುವುದು ಹತ್ತು. ಮೂಲೆಮಟ್ಟ ಇಟ್ಟರೆ 1.7 ಡಿಗ್ರಿಗೆ ಕಾಣುವ ಸಂದು 0.3 ಎಂ.ಎಂ., ಕಣ್ಣು ತಪ್ಪುವಷ್ಟು. ಬದಲಿಗೆ 150 ಎಂ.ಎಂ. ಸ್ಟೀಲ್ ಸ್ಕೇಲನ್ನು ಪುಟ್ಟ ಅಯಸ್ಕಾಂತದಿಂದ ಬ್ಲೇಡಿನ ಪಕ್ಕಕ್ಕೆ ಲಂಬವಾಗಿ ಅಂಟಿಸಿ, ಹಲ್ಲಿನ ಸೆಟ್ (ಹಲ್ಲುಗಳು ಪಕ್ಕಕ್ಕೆ ಬಾಗಿರುವ ಭಾಗ) ಮೇಲೆ ಕೂರದಂತೆ. ಈಗ ಅದೇ ಓರೆ 150ಕ್ಕೆ ನಾಲ್ಕೂವರೆ ಎಂ.ಎಂ. ಆಗಿ ಎದ್ದು ಕಾಣುತ್ತದೆ. ವೈಸಿನ ತಳದ ಮೇಲೆ ಮೂಲೆಮಟ್ಟ ನಿಲ್ಲಿಸಿ ಸ್ಕೇಲಿಗೆ ಹೋಲಿಸಿ, ಒಂದೊಂದು ಗೈಡ್‌ನ ಪಕ್ಕದಲ್ಲೂ ಬೇರೆ ಬೇರೆಯಾಗಿ. ಗೈಡ್ ಬ್ರಾಕೆಟ್ ಬೋಲ್ಟ್ ಸಡಿಲಿಸಿ, ಬೇಕಾದಷ್ಟು ತಿರುಗಿಸಿ, ಬಿಗಿಯಿರಿ.

ಬೇರಿಂಗ್ ಜೋಡಿಯಲ್ಲಿ ಒಂದು ಸ್ಥಿರ, ಇನ್ನೊಂದು ಎಕ್ಸೆಂಟ್ರಿಕ್ (ಕೇಂದ್ರ ತಪ್ಪಿಸಿದ) ಪಿನ್ ಮೇಲೆ ಇರುತ್ತದೆ. ಎಕ್ಸೆಂಟ್ರಿಕ್ ತಿರುಗಿಸಿ ಬ್ಲೇಡ್‌ಗೆ 0.02–0.03 ಎಂ.ಎಂ. ಬಿಡುವು ಕೊಡಿ. ಫೀಲರ್ (ಸಂದು ಅಳೆಯುವ ತೆಳು ತಗಡು) ಅಷ್ಟು ತೆಳ್ಳಗಿಲ್ಲದಿದ್ದರೆ ಬೆರಳ ಪರೀಕ್ಷೆ ಇದೆ: ಪ್ಲಗ್ ಕಿತ್ತು, ಒಬ್ಬರು ಕೈಯಲ್ಲಿ ವೀಲ್ ತಿರುಗಿಸುತ್ತಿರುವಾಗ ಬೇರಿಂಗ್ ಬ್ಲೇಡ್ ಜೊತೆ ಉರುಳಬೇಕು, ಬೆರಳಿಟ್ಟರೆ ಸುಲಭವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಬಿಗಿ ಹೆಚ್ಚು. ಬ್ಲೇಡಿನ ಬೆನ್ನಿಗಿರುವ ಬೇರಿಂಗ್ ಕೆಲಸ ಇಲ್ಲದಾಗ 0.1 ಎಂ.ಎಂ.ನಷ್ಟು ದೂರ ಇರಲಿ, ಕತ್ತರಿಸುವ ಒತ್ತಡ ಬಂದಾಗ ಮಾತ್ರ ತಾಗಬೇಕು. ಸದಾ ತಾಗಿದ್ದರೆ ಅದರ ಮೇಲೆ ತೋಡು ಬೀಳುತ್ತದೆ, ಆ ತೋಡಿನಲ್ಲಿ ಬ್ಲೇಡಿನ ಬೆನ್ನು ಸಿಕ್ಕಿ ಮಡಿಕೆ ಬರುತ್ತದೆ.

ಪಕ್ಕದ ಬೇರಿಂಗ್‌ಗಳ ಕೆಳ ಅಂಚು ಹಲ್ಲಿನ ಬುಡಕ್ಕಿಂತ ಒಂದೆರಡು ಎಂ.ಎಂ. ಮೇಲೆ ಇದೆಯೇ ನೋಡಿ. ಬೇರಿಂಗ್ ಹಲ್ಲಿನ ಮೇಲೆ ಉರುಳಿದರೆ ಆ ಪಕ್ಕದ ಸೆಟ್ ಚಪ್ಪಟೆಯಾಗಿ, ಅಲ್ಲಿಂದ ಮುಂದೆ ಬ್ಲೇಡ್ ಇನ್ನೊಂದು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ಅಂಥ ಬ್ಲೇಡನ್ನು ಯಾವ ಸೆಟಿಂಗೂ ಉಳಿಸುವುದಿಲ್ಲ.

ಎಲ್ಲ ಆದ ಮೇಲೂ ಸ್ಕೇಲ್ ನೆಟ್ಟಗಿದ್ದು ಕಡಿತ ಮಾತ್ರ ಓರೆ ಬಂದರೆ ತೋಳಿನ ಕೀಲು ನೋಡಿ. ತೋಳು ಕೆಳಗಿಳಿಯುವಾಗ ಬ್ಲೇಡ್ ಪಕ್ಕಕ್ಕೆ ಸರಿಯಬಾರದು. ವೈಸ್ ತಳದ ಮೇಲೆ ಚೌಕವಾದ ಬ್ಲಾಕನ್ನು ಬ್ಲೇಡಿಗೆ ತಾಗಿಸಿ ನಿಲ್ಲಿಸಿ, ತೋಳನ್ನು 50 ಎಂ.ಎಂ. ಎತ್ತರದಿಂದ ತಳದವರೆಗೆ ಇಳಿಸಿ, ಸಂದು ಬಿಡುತ್ತದೆಯೋ ಒತ್ತುತ್ತದೆಯೋ ಗಮನಿಸಿ. ಕೀಲಿನ ಶಾಫ್ಟ್ ಸವೆದಿದ್ದರೆ ತೋಳನ್ನು ಕೈಯಲ್ಲಿ ಪಕ್ಕಕ್ಕೆ ಒತ್ತಿದಾಗಲೇ ಗೊತ್ತಾಗುತ್ತದೆ.

ವೈಸ್ ಕೊನೆಗೆ. ಸ್ಥಿರ ದವಡೆಗೆ ನೇರವಾದ 300 ಎಂ.ಎಂ. ಪಟ್ಟಿ ಒತ್ತಿ ಹಿಡಿದು, ಮೂಲೆಮಟ್ಟದ ಒಂದು ಬದಿ ಪಟ್ಟಿಗೆ, ಇನ್ನೊಂದು ಬದಿ ಬ್ಲೇಡ್‌ಗೆ. ಇಲ್ಲೂ ಹಲ್ಲಿನ ಸೆಟ್ ತಾಗದಂತೆ ಬ್ಲೇಡಿನ ಮೈಗೇ ಹಿಡಿಯಬೇಕು. ವೈಸ್ ಮೇಲೆ ಎರಕದಲ್ಲಿ ಕೆತ್ತಿರುವ ಡಿಗ್ರಿ ಗೆರೆಗಳನ್ನು ನಂಬಬೇಡಿ, ಅವು ಅಲಂಕಾರಕ್ಕೆ.

---

ಹಲ್ಲು_ಮತ್ತು_ಹುಡಿ

ಸೆಟಿಂಗ್ ಬಗ್ಗೆ ಇಬ್ಬರೂ ಹೇಳಿಬಿಟ್ಟಿದ್ದಾರೆ, ನಾನು ಬ್ಲೇಡ್ ಬಗ್ಗೆ ಹೇಳುತ್ತೇನೆ.

ಟಕ್ ಸದ್ದು: 1640 ಎಂ.ಎಂ. ಬ್ಲೇಡ್ ನಿಮಿಷಕ್ಕೆ 30 ಮೀಟರ್ ಓಡಿದರೆ ಒಂದು ಸುತ್ತಿಗೆ 3.3 ಸೆಕೆಂಡ್. ನಿಮ್ಮ ಸದ್ದು ಮೂರು ಸೆಕೆಂಡಿಗೊಮ್ಮೆ, ಅಂದರೆ ಅದು ಬ್ಲೇಡ್ ಮೇಲೇ ಇದೆ, ಬಹುತೇಕ ವೆಲ್ಡ್ ಗಂಟು. ವೀಲ್‌ನಲ್ಲಿ ತೊಂದರೆ ಇದ್ದಿದ್ದರೆ ಸುಮಾರು 1.2 ಸೆಕೆಂಡಿಗೊಮ್ಮೆ ಬರುತ್ತಿತ್ತು. ವೆಲ್ಡ್ ಜಾಗವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. 0.65ಕ್ಕಿಂತ ಹೆಚ್ಚಿದ್ದರೆ ಎರಡೂ ಪಕ್ಕ ಮತ್ತು ಬೆನ್ನನ್ನು ಎಣ್ಣೆಕಲ್ಲಿನಿಂದ ಉದ್ದುದ್ದಕ್ಕೆ ಉಜ್ಜಿ ಸಮ ಮಾಡಿ, ಅಡ್ಡ ಗೀರು ಬೀಳಬಾರದು. ಬ್ಲೇಡ್ ಬಿರಿಯುವುದು ಅಂಥ ಗೀರಿನಿಂದಲೇ. ಬೆನ್ನಿನಲ್ಲಿ ಮೆಟ್ಟಿಲು ಅಥವಾ ಕೋನ ಇದ್ದರೆ ಉಜ್ಜಿ ಪ್ರಯೋಜನ ಇಲ್ಲ, ವೆಲ್ಡೇ ಸೊಟ್ಟ. ಬೆಂಗಳೂರಲ್ಲಾದರೆ ಕಾಯಿಲ್‌ನಿಂದ ಅಳತೆಗೆ ಕತ್ತರಿಸಿ ವೆಲ್ಡ್ ಮಾಡಿಕೊಡುವವರು ಇದ್ದಾರೆ, ತರುವಾಗ ಅಂಗಡಿಯಲ್ಲೇ ಬೆನ್ನಿಗೆ ಸ್ಕೇಲ್ ಇಟ್ಟು ನೋಡಿಕೊಳ್ಳಿ. ವೆಲ್ಡ್ ಆದ ಮೇಲೆ ಹದ ಇಳಿಸದಿದ್ದರೆ ಆ ಜಾಗ ಗಾಜಿನಂತೆ ಪೆಡಸು, ಒಂದೆರಡು ದಿನದಲ್ಲಿ ಅಲ್ಲೇ ತುಂಡಾಗುತ್ತದೆ.

ದೊಡ್ಡ ಮೆಷಿನ್ನಿನ 27 × 0.9 ಬ್ಲೇಡಿನಂತೆ ದಪ್ಪದ್ದು ಹಾಕಿದರೆ ನೇರ ಹೋಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಬೇಡ. ನಿಮ್ಮ ವೀಲ್ ವ್ಯಾಸ ಸುಮಾರು 187 ಎಂ.ಎಂ. 0.65 ದಪ್ಪದ ಬ್ಲೇಡ್ ಎಂದರೆ ವ್ಯಾಸದ ಸುಮಾರು 1/290 ಭಾಗ, ಅದೇ ಮಿತಿ ಎನ್ನಬಹುದು. 0.9 ಹಾಕಿದರೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ.

10/14 ನಿಮ್ಮ 50ರ ರೌಂಡ್‌ಗೆ ಸಣ್ಣ ಹಲ್ಲು. ನಡುಮಧ್ಯದಲ್ಲಿ 20ರಿಂದ 27 ಹಲ್ಲು ಒಟ್ಟಿಗೆ ಲೋಹದಲ್ಲಿರುತ್ತವೆ. ಹಲ್ಲಿನ ಸಂದು ತುಂಬಿಹೋಗಿ, ಹುಡಿಗೆ ಜಾಗವಿಲ್ಲದೆ ಬ್ಲೇಡ್ ಕತ್ತರಿಸುವ ಬದಲು ಉಜ್ಜುತ್ತದೆ. 6ರಿಂದ 12 ಹಲ್ಲು ಚೆನ್ನ, 24 ಮೀರಬಾರದು, 3ಕ್ಕಿಂತ ಕಮ್ಮಿ ಎಂದೂ ಬೇಡ, ಹಲ್ಲು ಉದುರುತ್ತದೆ. ಘನ ರಾಡ್‌ಗೆ 6/10, ಆಂಗಲ್ ಮತ್ತು ಪೈಪಿಗೆ 14/18, ಹೀಗೆ ಎರಡು ಬ್ಲೇಡ್ ಇಟ್ಟುಕೊಂಡರೆ ಹೆಚ್ಚಿನ ಕೆಲಸ ನಡೆಯುತ್ತದೆ. ಆಂಗಲನ್ನು ಬೆನ್ನು ಮೇಲಾಗಿ, ಮನೆ ಸೂರಿನಂತೆ ಕೂರಿಸಿ. ಆಗ ಎರಡು ಕಾಲೂ ಓರೆಯಲ್ಲಿ ಸಿಗುವುದರಿಂದ 3 ಎಂ.ಎಂ. ದಪ್ಪದ್ದು ಬ್ಲೇಡಿಗೆ 4.2 ಆಗುತ್ತದೆ. 50 × 6 ಫ್ಲ್ಯಾಟನ್ನು ಮಲಗಿಸಿಯೇ ಕತ್ತರಿಸಿ, ನಿಲ್ಲಿಸಿದರೆ 6 ಎಂ.ಎಂ.ನಲ್ಲಿ 10/14ರ ಹಲ್ಲು ಎರಡು-ಮೂರೇ.

ಹೊಸ ಬ್ಲೇಡನ್ನು ಪಳಗಿಸಬೇಕು. ವೇಗ ಅದೇ ಇರಲಿ, ಒತ್ತಡ ಮಾತ್ರ ಅರ್ಧ. ಸುಮಾರು 300 ಚದರ ಸೆಂಟಿಮೀಟರ್ ಕತ್ತರಿಸುವವರೆಗೆ, ಅಂದರೆ ನಿಮ್ಮ ರಾಡ್‌ನಲ್ಲಿ 15 ಕಡಿತ. ಹೊಸ ಹಲ್ಲಿನ ತುದಿ ರೇಜರಿನಂತೆ ಚೂಪು; ಮೊದಲ ದಿನವೇ ಪೂರ್ತಿ ಭಾರ ಬಿದ್ದರೆ ತುದಿ ಮುರಿಯುತ್ತದೆ, ನಿಧಾನಕ್ಕೆ ಸವೆಯಲು ಬಿಟ್ಟರೆ ಬಹಳ ದಿನ ಬರುತ್ತದೆ.

ಒತ್ತಡ ಅಳೆಯಲು ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ತೋಳು ಮಲಗಿದ ಮಟ್ಟದಲ್ಲಿ ಎತ್ತಿ ನೋಡಿ. ಘನ ರಾಡ್‌ಗೆ 3–4 ಕೆ.ಜಿ.ಯಿಂದ ಶುರು ಮಾಡಿ, ಪೈಪ್‌ಗೆ ಎರಡು. ಮಿಕ್ಕಿದ್ದನ್ನು ಹುಡಿ ಹೇಳುತ್ತದೆ. ಸಡಿಲವಾಗಿ ಸುರುಳಿ ಸುತ್ತಿದ್ದರೆ ಸರಿ. ಹಿಟ್ಟಿನಂತೆ ಬಂದರೆ ಒತ್ತಡ ಸಾಲದು. ನೀಲಿ ಬಣ್ಣಕ್ಕೆ ತಿರುಗಿ ದಪ್ಪಗೆ ಬಂದರೆ ಒತ್ತಡ ಅಥವಾ ವೇಗ ಜಾಸ್ತಿ. ಮೆತ್ತಗೆ ಒತ್ತಿದರೆ ಬ್ಲೇಡಿಗೆ ಒಳ್ಳೆಯದು ಎಂಬ ನಂಬಿಕೆ 304 ಸ್ಟೇನ್‌ಲೆಸ್‌ನಲ್ಲಿ ಪೂರ್ತಿ ಉಲ್ಟಾ: ಹಲ್ಲು ಕಚ್ಚದೆ ಜಾರಿದರೆ ಆ ಪದರವೇ ಗಟ್ಟಿಯಾಗಿ, ಮುಂದಿನ ಹಲ್ಲು ಅದರ ಮೇಲೆ ಸವೆಯುತ್ತದೆ. ಸ್ಟೇನ್‌ಲೆಸ್‌ಗೆ ಬೆಲ್ಟನ್ನು ಅತಿ ನಿಧಾನದ ಮೆಟ್ಟಿಲಿಗೆ ಹಾಕಿ, ನಿಮಿಷಕ್ಕೆ 20 ಮೀಟರ್, ಒತ್ತಡ ಬಿಡಬೇಡಿ. ಅಲ್ಯೂಮಿನಿಯಂಗೆ ಅತಿ ವೇಗದ ಮೆಟ್ಟಿಲು. ಎಂ.ಎಸ್.ಗೆ ಒಣ ಕಡಿತದಲ್ಲಿ ನಿಮ್ಮ 30 ಸರಿಯಾಗಿದೆ. 6/10 ಹಾಕಿದ ಮೇಲೆ 50ರ ರೌಂಡ್ ನಾಲ್ಕೈದು ನಿಮಿಷದಲ್ಲಿ ತುಂಡಾಗಬೇಕು.

ಕೂಲಂಟ್ ಸೇರಿಸುವುದಾದರೆ ಕರಗುವ ಎಣ್ಣೆ ಒಂದು ಪಾಲಿಗೆ ನೀರು ಹತ್ತರಿಂದ ಹದಿನೈದು ಪಾಲು. ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ಎರಕದ ಕಬ್ಬಿಣವನ್ನು ಒಣಗಿದ್ದಾಗಲೇ ಕತ್ತರಿಸಿ, ಇಲ್ಲದಿದ್ದರೆ ಹುಡಿ ಕೆಸರಾಗಿ ಗೈಡ್ ಬೇರಿಂಗ್ ತಿನ್ನುತ್ತದೆ.

ಕಡಿತದ ನಡುವೆ ಬ್ಲೇಡ್ ತುಂಡಾದರೆ ಹೊಸದನ್ನು ಅದೇ ಕಚ್ಚಿಗೆ ಇಳಿಸಬೇಡಿ. ಸವೆದ ಬ್ಲೇಡಿನ ಕಚ್ಚು ಕಿರಿದು, ಹೊಸದು ಸಿಕ್ಕಿಕೊಳ್ಳುತ್ತದೆ. ಮುರಿದ ಹಲ್ಲೊಂದು ಒಳಗೆ ಉಳಿದಿದ್ದರಂತೂ ಹೊಸ ಬ್ಲೇಡಿನ ಹಲ್ಲುಗಳನ್ನೂ ಸಾಲಾಗಿ ಕೀಳುತ್ತದೆ. ರಾಡ್ ಹೊರಳಿಸಿ ಎದುರು ಬದಿಯಿಂದ ಶುರುಮಾಡಿ.

---

ಹಿತ್ತಲ_ವರ್ಕ್‌ಶಾಪ್

ಗೈಡ್ ತೆಗೆದು ಟ್ರ್ಯಾಕಿಂಗ್ ಕೂರಿಸಿದೆ. ನಾಬ್ ಬಿಗಿ ವರ್ನಿಯರ್‌ನಲ್ಲಿ 0.03 ಮಾತ್ರ ತೋರಿಸುತ್ತಿತ್ತು, ಈಗ 0.06. ಸ್ಕೇಲ್ ಅಂಟಿಸಿ ನೋಡಿದರೆ ಎರಡೂ ಗೈಡ್ ಒಂದೇ ಕಡೆಗೆ ವಾಲಿದ್ದವು, ಸರಿಮಾಡಿದೆ. ವೆಲ್ಡ್ ಜಾಗ 0.74 ಇತ್ತು, ಉಜ್ಜಿದ ಮೇಲೆ ಸದ್ದಿಲ್ಲ. ರಾಡ್ ಹೊರಳಿಸಿ ಕತ್ತರಿಸಿದ ಬಿಲ್ಲೆಯಲ್ಲಿ ಮೇಲು-ಕೆಳಗೆ 0.24 ವ್ಯತ್ಯಾಸ, ಅಂದರೆ ಓರೆ 0.12. ಪಕ್ಕಕ್ಕೆ 0.4 ಇದೆ, ಅದು ವೈಸ್ ಇರಬೇಕು.

ಒಂದೇ ಪ್ರಶ್ನೆ ಉಳಿಯಿತು: 30 ಎಂ.ಎಂ. ಉದ್ದದ ಮೋಟು ತುಂಡುಗಳನ್ನು ಹಿಡಿದರೆ ವೈಸ್ ಕಚ್ಚುವುದೇ ಇಲ್ಲ, ತುಂಡು ತಿರುಗಿಬಿಡುತ್ತದೆ.

---

ಅಳತೆಪಟ್ಟಿ

ಸರಿಯುವ ದವಡೆ ನಡುವಿನ ಒಂದೇ ಬೋಲ್ಟ್ ಮೇಲೆ ತಿರುಗುವಂಥದ್ದು. ತುಂಡು ಒಂದು ತುದಿಯಲ್ಲಿ ಮಾತ್ರ ಇದ್ದರೆ ಇನ್ನೊಂದು ತುದಿ ಒಳಗೆ ವಾಲುತ್ತದೆ. ಅದೇ ರಾಡ್‌ನ ಇನ್ನೊಂದು ತುಂಡನ್ನು ದವಡೆಯ ಆಚೆ ತುದಿಯಲ್ಲಿ ಇಟ್ಟು ಎರಡನ್ನೂ ಒಟ್ಟಿಗೆ ಬಿಗಿಯಿರಿ. ಅಥವಾ ಆ ತುದಿಯಲ್ಲಿ ಒಂದು ಎಂ12 ಬೋಲ್ಟ್ ಹಾಕಿಬಿಟ್ಟರೆ ಯಾವ ವ್ಯಾಸಕ್ಕೂ ಅದನ್ನೇ ತಿರುಗಿಸಿ ಆನಿಸಿಕೊಳ್ಳಬಹುದು. ದವಡೆಯ ಎರಕದ ಮೇಲೆ ವೆಲ್ಡ್ ಮಾಡಬೇಡಿ, ಬಿರಿಯುತ್ತದೆ. ಕೊರೆದು ಟ್ಯಾಪ್ ಹಾಕಿ, ಇಲ್ಲವೇ ಹಿಂದೆ ಒಂದು ಎಂ.ಎಸ್. ಪಟ್ಟಿ ಬೋಲ್ಟ್ ಮಾಡಿ ನಟ್ಟನ್ನು ಆ ಪಟ್ಟಿಗೆ ವೆಲ್ಡ್ ಮಾಡಿ.

ಚಲಿಸುವ ಗೈಡ್ ತೋಳನ್ನು ತುಂಡಿನಿಂದ 10 ಎಂ.ಎಂ. ದೂರದವರೆಗೆ ತಂದು ನಿಲ್ಲಿಸಿ. ಪಕ್ಕದ 0.4ಕ್ಕೆ ಸ್ಥಿರ ದವಡೆಯ ಉದ್ದ ತೂತಿನ ಕಡೆಯ ಬೋಲ್ಟ್ ಸಡಿಲಿಸಿ, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಬಿಗಿದ ಮೇಲೆ ಮತ್ತೊಂದು ಬಿಲ್ಲೆ, ಹೊರಳಿಸಿಯೇ.